‘ದ ಗೆಟ್ ಡೌನ್’ ನೋಡಿದವರು ಇದ್ದೀರಾ? ಈ ಹುಡುಗರು ಕುಣಿಯೋಕೆ ಯಾತಕ್ಕೆ ಕಾಯುತ್ತಾರೆ?

ಮಂಡಕ್ಕಿ ಮಿರ್ಚಿ, ದಾವಣಗೆರೆ:
ನೆಟ್‌ಫ್ಲಿಕ್ಸ್‌ನಲ್ಲಿ ‘ದ ಗೆಟ್ ಡೌನ್’ ಸೀರೀಸ್ ನೋಡುತ್ತಿದ್ದೇನೆ. 2016ರದ್ದು, ಹಳೇದು. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 1977ರ ಬಡ ಹುಡುಗರ ಕಥೆ. ಇದು ನನ್ನ ತಲೆಗೆ ಬಂದದ್ದು ಮಗನಿಂದ. ಪಿಯುಸಿ ಓದಬೇಕಾದವನು, ಹೊಸ ಫ್ರಿಜ್ ಬಂದ ರಟ್ಟಿನ ಪೆಟ್ಟಿಗೆ ಬಿಚ್ಚಿ ತಾರಸಿ ಮೇಲೆ ಹಾಸಿಕೊಂಡು ತಲೆಕೆಳಗಾಗಿ ತಿರುಗುತ್ತಾನೆ. ಕೆಳಗೆ ನನ್ನ ಜೀವ ಹೋಗಿ ಬರುತ್ತದೆ.

ನನಗೆ ಅರ್ಥವಾಗದ್ದು ಒಂದೇ. ಹಾಡು ಹಾಕುತ್ತಾನೆ. ಅರ್ಧ ಹಾಡು ಸುಮ್ನೆ ಕಾಲು ಅಲ್ಲಾಡಿಸುತ್ತಾ ನಿಂತಿರುತ್ತಾನೆ. ಹಾಡುವವರ ದನಿ ನಿಂತು ಬರೀ ಡ್ರಮ್ ಬಂದ ತಕ್ಷಣ ನೆಲಕ್ಕೆ ಬೀಳುತ್ತಾನೆ. ಕೇಳಿದರೆ “ಅಮ್ಮ, ನಿಂಗೆ ಗೊತ್ತಾಗಲ್ಲ ಬಿಡು” ಅನ್ನುತ್ತಾನೆ. ಸೀರೀಸಿನಲ್ಲೂ ಡಿಜೆ ಹುಡುಗ ಆ ತುಣುಕಿಗೇ ಒದ್ದಾಡುತ್ತಾನೆ. ಉಳಿದ ಹಾಡು ಏನು ಪಾಪ ಮಾಡಿದೆ?

ರಿಮೋಟ್ ರಾಜ:
ನಾನು ಎರಡಕ್ಕೇ ಬಿಟ್ಟೆ ಮೇಡಂ. ಮೊದಲ ಎಪಿಸೋಡೇ ಒಂದೂವರೆ ಗಂಟೆ! ಒಟ್ಟು 11 ಇವೆ, 2017ರಲ್ಲಿ ನಿಲ್ಲಿಸಿಬಿಟ್ಟರು. ಡಾನ್ಸ್ ಸಿಗುತ್ತದೆ ಅಂತ ಹೋದರೆ ಹಾಡು, ಲವ್ವು, ಗಲಾಟೆಯೇ ಜಾಸ್ತಿ.

ಹಳೇ ಬಿ-ಬಾಯ್, ಬನಶಂಕರಿ:
ಅಕ್ಕಾ, ನಿಮ್ಮ ಮಗ ಸರಿಯಾಗಿಯೇ ಕಾಯುತ್ತಿದ್ದಾನೆ. ಬೈಯಬೇಡಿ.

ಬರೀ ಡ್ರಮ್ ಬರುವ ಆ ತುಣುಕಿಗೆ ಬ್ರೇಕ್ ಅಂತ ಹೆಸರು. ಅದಕ್ಕೆ ಕುಣಿಯುವ ಹುಡುಗನೇ ಬಿ-ಬಾಯ್, ಆ ಹೆಸರಿನಲ್ಲಿ ‘ಬಿ’ ಇರುವುದು ಅದಕ್ಕೇ. 1973ರ ಆಗಸ್ಟ್ 11ರಂದು ಬ್ರಾಂಕ್ಸ್‌ನ 1520 ಸೆಡ್ಜ್‌ವಿಕ್ ಅವೆನ್ಯೂ ಕಟ್ಟಡದಲ್ಲಿ ಸಿಂಡಿ ಕ್ಯಾಂಪ್‌ಬೆಲ್ ಅನ್ನುವ ಹುಡುಗಿ ಒಂದು ಪಾರ್ಟಿ ಇಟ್ಟಳು. ಸ್ಕೂಲಿಗೆ ಹೊಸ ಬಟ್ಟೆ ಕೊಳ್ಳಲು ದುಡ್ಡು ಬೇಕಿತ್ತಂತೆ. ರೆಕಾರ್ಡ್ ಹಾಕಿದವನು ಅವಳ ಅಣ್ಣ, ಜಮೈಕಾದಿಂದ ಬಂದ ಕೂಲ್ ಹರ್ಕ್. ತನ್ನ ಪಾರ್ಟಿಗಳಲ್ಲಿ ಆತ ಗಮನಿಸಿದ್ದು ನೀವು ಗಮನಿಸಿದ್ದನ್ನೇ! ಹುಡುಗರು ಬ್ರೇಕ್‌ಗೆ ಕಾಯುತ್ತಾರೆ. ಆದರೆ ಅದು ಕೆಲವೇ ಸೆಕೆಂಡು. ಕುಣಿಯಲು ಇಳಿಯುವಷ್ಟರಲ್ಲಿ ಮುಗಿದಿರುತ್ತದೆ. ಹಾಗಾಗಿ ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು, ಒಂದರಲ್ಲಿ ಬ್ರೇಕ್ ಮುಗಿಯುತ್ತಿದ್ದ ಹಾಗೆ ಇನ್ನೊಂದರಲ್ಲಿ ಅದನ್ನೇ ಶುರು ಮಾಡಿದ. ಅಂದರೆ ಕುಣಿಯುವವರಿಗಾಗಿ ಡಿಜೆ ರೆಕಾರ್ಡ್ ಹಾಕುವ ರೀತಿಯನ್ನೇ ಬದಲಾಯಿಸಿದ. ಸೀರೀಸಿನಲ್ಲಿ ಆ ನೇರಳೆ ಕ್ರೇಯಾನ್ ಇದೆಯಲ್ಲ, ಅದೂ ಇದರದ್ದೇ ಮುಂದುವರಿಕೆ. ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಅನ್ನುವ ಇನ್ನೊಬ್ಬ ಡಿಜೆ ರೆಕಾರ್ಡಿನ ಮೇಲೆ ಕ್ರೇಯಾನ್‌ನಲ್ಲಿ ಗುರುತು ಹಾಕಿ, ಬ್ರೇಕ್ ಎಲ್ಲಿದೆ ಅಂತ ಕಣ್ಣಲ್ಲೇ ನೋಡಿ ಹಿಂದಕ್ಕೆ ತಿರುಗಿಸುತ್ತಿದ್ದ.

ನನ್ನ ಸಿಟ್ಟು ಇಲ್ಲೇ. ಸೀರೀಸು ಡಿಜೆಯನ್ನೂ ಹಾಡುವವನನ್ನೂ ಮುಂದೆ ತಂದು, ಯಾರಿಗಾಗಿ ಇದೆಲ್ಲ ಶುರುವಾಯಿತೋ ಅವರನ್ನು ಮೂಲೆಯಲ್ಲಿ ನಿಲ್ಲಿಸಿತು. ನಾನು ಒಂಬತ್ತು ವರ್ಷ ಕುಣಿದು ಮಣಿಕಟ್ಟು ಕಳೆದುಕೊಂಡವನು, ಹೊಟ್ಟೆ ಉರಿಯುತ್ತದೆ. ಆದರೆ ಶಾವೊಲಿನ್ ಅನ್ನುವ ಪಾತ್ರದ ಕೆಂಪು ಪೂಮಾ ಶೂ, ಕುಂಗ್‌ಫು ಜಿಗಿತ ಸುಳ್ಳಲ್ಲ. ಆ ಹುಡುಗರಿಗೆ ಕುಂಗ್‌ಫು ಸಿನಿಮಾಗಳೂ ಒಂದು ಪಾಠಶಾಲೆ.

ಇನ್ನೊಂದು, ಹರ್ಕ್ ಕಾಲದಲ್ಲಿ ಹೆಚ್ಚಾಗಿ ನಿಂತೇ ಕುಣಿಯುತ್ತಿದ್ದರು. ಅದು ಟಾಪ್‌ರಾಕ್. ಬುಗುರಿ ಹಾಗೆ ತಿರುಗುವುದು ಆಮೇಲೆ ಬಂತು. ನನ್ನ ಕ್ಲಾಸಿನಲ್ಲೂ ಮೊದಲು ಟಾಪ್‌ರಾಕ್, ಆಮೇಲೆ ಫುಟ್‌ವರ್ಕ್ (ಕೈ ನೆಲಕ್ಕೆ ಊರಿ ಕಾಲು ಆಡಿಸುವುದು), ಫ್ರೀಜ್ (ಒಂದು ಭಂಗಿಯಲ್ಲಿ ಗಕ್ಕನೆ ನಿಲ್ಲುವುದು). ತಲೆಯ ಸರದಿ ಕೊನೆಗೆ. ಮಗ ಮೊದಲೇ ತಲೆ ಮೇಲೆ ತಿರುಗಲು ಹೋಗಿದ್ದರೆ ಅವನನ್ನು ಸ್ವಲ್ಪ ತಡೆಯಿರಿ. ಕುತ್ತಿಗೆ ವಾರ್ಮ್ ಅಪ್ ಮಾಡುತ್ತಾನಾ? ತಲೆಗೆ ಟೋಪಿ? ರಟ್ಟಿನ ನಾಲ್ಕೂ ಅಂಚಿಗೆ ಟೇಪ್ ಹಾಕಿಸಿ, ಜಾರಿದರೆ ಕಷ್ಟ.

ಜಯನಗರ ಟು ಜೆರ್ಸಿ:
ಆ ಸೆಡ್ಜ್‌ವಿಕ್ ಕಟ್ಟಡ ನೋಡಲು ಒಂದು ಭಾನುವಾರ ಹೋಗಿದ್ದೆ. ಸಾಧಾರಣ ಇಟ್ಟಿಗೆ ಕಟ್ಟಡ, ಪಕ್ಕದಲ್ಲೇ ಹೆದ್ದಾರಿಯ ಸದ್ದು. ಒಳಗೆ ಜನ ವಾಸ ಮಾಡುತ್ತಾರೆ, ಹೊರಗಿನಿಂದಲೇ ಫೋಟೋ ತೆಗೆದು ಬಂದೆ. ಸೀರೀಸಿನಲ್ಲಿ ಉರಿಯುವ ಮನೆಗಳನ್ನು ನೋಡಿ ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ. ಕ್ರಾಸ್ ಬ್ರಾಂಕ್ಸ್ ಹೆದ್ದಾರಿ ಕೇರಿಗಳನ್ನು ಸೀಳಿಕೊಂಡು ಹೋಯಿತು, ಸಾವಿರಾರು ಜನ ಮನೆ ಬಿಟ್ಟರು. ಇನ್ಶೂರೆನ್ಸ್ ದುಡ್ಡಿಗಾಗಿ ಮಾಲೀಕರೇ ಬೆಂಕಿ ಇಡಿಸಿದ್ದೂ ಇದೆ. 1977ರ ಜುಲೈ 13ರ ರಾತ್ರಿ ಕರೆಂಟ್ ಹೋಗಿ ಊರಿಗೆ ಊರೇ ಕತ್ತಲಾಗಿದ್ದೂ ನಿಜ.

ಮಂಡಕ್ಕಿ ಮಿರ್ಚಿ, ದಾವಣಗೆರೆ:
ಬನಶಂಕರಿ ತಮ್ಮಾ, ನಿನ್ನೆ ತಾರಸಿಗೆ ಹೋಗಿ “ಬ್ರೇಕ್ ಇನ್ನೂ ಬಂದಿಲ್ವಾ?” ಅಂದೆ. ಹುಡುಗ ಬಾಯಿ ಬಿಟ್ಟುಕೊಂಡು ನಿಂತ. ಕುತ್ತಿಗೆ ವಾರ್ಮ್ ಅಪ್ ಮಾಡುವುದಿಲ್ಲವಂತೆ, ಇವತ್ತಿನಿಂದ ಮಾಡದಿದ್ದರೆ ಊಟ ಇಲ್ಲ ಅಂದಿದ್ದೇನೆ. ಟೋಪಿಗೆ ಅವರಪ್ಪನ ಉಣ್ಣೆ ಟೋಪಿ ಹುಡುಕಿ ಕೊಟ್ಟೆ. ಫ್ರಿಜ್ ರಟ್ಟು ಮಾತ್ರ ಮಧ್ಯಕ್ಕೆ ಹರಿದಿದೆ. ಮಿಕ್ಸಿಯ ಡಬ್ಬದ ರಟ್ಟು ಆಗುತ್ತಾ?

ಹಳೇ ಬಿ-ಬಾಯ್, ಬನಶಂಕರಿ:
ಅದರ ಮೇಲೆ ಒಂದು ಕಾಲು ಇಡಬಹುದು ಅಕ್ಕಾ, ಅಷ್ಟೇ. ಟಿವಿ ಅಂಗಡಿಯಲ್ಲಿ ಕೇಳಿ, ಸುಮ್ನೆ ಕೊಡುತ್ತಾರೆ.