ಕಲರ್ ಸಾರ್ಟರ್ ಮತ್ತು ಕೈ ಆರಿಕೆ: ಈ ಜೊತೆಗೆಲಸವನ್ನು ಅಳೆಯುವುದು ಹೇಗೆ?

ಪ್ರಶ್ನೆ (ಕುಶಾಲನಗರ)
ನಾನು ಇಲ್ಲಿನ ಕಾಫಿ ಕ್ಯೂರಿಂಗ್ (ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ) ಘಟಕವೊಂದರಲ್ಲಿ ಮೇಲ್ವಿಚಾರಕಿ. ಕಲರ್ ಸಾರ್ಟರ್ ಎಂಬ ಯಂತ್ರ ಕ್ಯಾಮೆರಾದಲ್ಲಿ ಬಣ್ಣ ನೋಡಿ ಕೆಟ್ಟ ಬೀಜವನ್ನು ಗಾಳಿಯ ಹೊಡೆತದಿಂದ ಹೊರಹಾಕುತ್ತದೆ. ಉಳಿದದ್ದನ್ನು ಗಾರ್ಬ್ಲಿಂಗ್ ಮೇಜಿನಲ್ಲಿ ಹೆಂಗಸರು ಮತ್ತೊಮ್ಮೆ ಆರಿಸುತ್ತಾರೆ. ದಿನಕ್ಕೆ ಮುಗಿಯುವ ಚೀಲಗಳು ಹೆಚ್ಚಾದವು ಎಂಬುದೊಂದೇ ಮಾಲೀಕರ ಲೆಕ್ಕ. ಆದರೆ ಮೊನ್ನೆ ಎರಡೂ ಹಂತ ದಾಟಿ ಬಂದ ಒಂದು ಹಿಡಿ ಬೀಜವನ್ನು ಅಂಗೈಯಲ್ಲಿ ಹರಡಿ ನೋಡಿದಾಗ, ಕಾಯಿಕೊರಕ ಹುಳು ಕೊರೆದ ಸೂಜಿಮೊನೆಯಷ್ಟು ತೂತುಗಳಿದ್ದ ನಾಲ್ಕು ಬೀಜಗಳು ಸಿಕ್ಕವು. ಅವುಗಳ ಬಣ್ಣದಲ್ಲಿ ಯಾವ ದೋಷವೂ ಇರಲಿಲ್ಲ. ಯಂತ್ರ ಮತ್ತು ಹೆಂಗಸರು ಸೇರಿ ಮಾಡುವ ಕೆಲಸ ನಿಜಕ್ಕೂ ಸುಧಾರಿಸಿದೆಯೇ ಎಂದು ತಿಳಿಯುವುದು ಹೇಗೆ?

ಉತ್ತರ 1 (ಮಡಿಕೇರಿ)
ಅಕ್ಕಾ, ಚೀಲದ ಲೆಕ್ಕ ವೇಗವನ್ನಷ್ಟೇ ಹೇಳುತ್ತದೆ. ಚೆನ್ನಾಗಿ ಆರಿಸಿದ ಬೀಜಕ್ಕೆ ನೀವೇ ಎಣಿಸಿದ 50 ದೋಷದ ಬೀಜಗಳನ್ನು ಬೆರೆಸಿ, ಅಂಥ ಮೂರು ಸಮಾನ ಮಾದರಿಗಳನ್ನು ಸಿದ್ಧಮಾಡಿ. ಒಂದನ್ನು ಯಂತ್ರಕ್ಕೆ, ಒಂದನ್ನು ಕೈಗೆ, ಇನ್ನೊಂದನ್ನು ಎರಡಕ್ಕೂ ಕೊಡಿ. ಜೊತೆಗೆಲಸದ ಫಲವನ್ನು ಯಂತ್ರವಿಲ್ಲದ ಕಾಲದೊಂದಿಗೆ ಹೋಲಿಸುವುದಲ್ಲ, ಆ ಎರಡರಲ್ಲಿ ಯಾವುದು ಒಂಟಿಯಾಗಿ ಮೇಲೋ ಅದರೊಂದಿಗೆ ಹೋಲಿಸಬೇಕು. 106 ಪ್ರಯೋಗಗಳನ್ನು ಒಟ್ಟುಗೂಡಿಸಿ 2024ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ, ಮನುಷ್ಯ ಮತ್ತು ಕೃತಕ ಬುದ್ಧಿಮತ್ತೆಯ ಜೋಡಿ ಸರಾಸರಿಯಲ್ಲಿ ಈ ಮಟ್ಟವನ್ನು ಮುಟ್ಟಲಿಲ್ಲ. ಸರಿ-ತಪ್ಪು ತೀರ್ಮಾನಿಸುವ ಕೆಲಸಗಳಲ್ಲಿಯೇ ನಷ್ಟ ಎದ್ದು ಕಂಡಿತು.

ಉತ್ತರ 2 (ವಿರಾಜಪೇಟೆ)
ಮೇಲಿನ ಸಲಹೆ ಸರಿ, ಆದರೆ ಉಳಿದುಹೋದ ಕೆಟ್ಟ ಬೀಜದಷ್ಟೇ ಮುಖ್ಯವಾಗಿ ಹೊರಬಿದ್ದ ಒಳ್ಳೆಯ ಬೀಜವನ್ನೂ ಎಣಿಸಿ. ಸಾರ್ಟರ್‌ನ ಸೂಕ್ಷ್ಮತೆ ಹೆಚ್ಚಿಸಿದರೆ ಮೊದಲನೆಯದು ಇಳಿದು ಎರಡನೆಯದು ಏರುತ್ತದೆ. ಇನ್ನೊಂದು ಮಾತು, ಇದನ್ನು ಮಾಲೀಕರಿಗೆ ಖಂಡಿತ ಹೇಳಿ: ಅಪರೂಪಕ್ಕೆ ಬರುವ ದೋಷವನ್ನು ಕಣ್ಣು ಹೆಚ್ಚು ಬಿಟ್ಟುಬಿಡುತ್ತದೆ. ಯಂತ್ರ ಬಹುಪಾಲು ಕೆಟ್ಟದ್ದನ್ನು ತೆಗೆದ ಮೇಲೆ ಮೇಜಿಗೆ ಬರುವುದು ಅಂಥ ಅಪರೂಪದ ದೋಷವೇ. ಅದನ್ನು ಹೆಂಗಸರ ಅಲಕ್ಷ್ಯವೆಂದು ಬರೆದುಕೊಳ್ಳುವುದು ಅನ್ಯಾಯ.

ಉತ್ತರ 3 (ಸೋಮವಾರಪೇಟೆ)
ಶ್ರಮವನ್ನೂ ಅಳೆಯಿರಿ. 1988ರಲ್ಲಿ ಪ್ರಕಟವಾದ ನಾಸಾ ಟಿ.ಎಲ್.ಎಕ್ಸ್. ಪ್ರಶ್ನಾವಳಿ ಮಾನಸಿಕ ಶ್ರಮ, ದೈಹಿಕ ಶ್ರಮ, ಸಮಯದ ಒತ್ತಡ, ಕೆಲಸದಲ್ಲಿ ಕಂಡ ಯಶಸ್ಸು, ಪ್ರಯತ್ನ, ಹತಾಶೆ ಎಂಬ ಆರು ವಿಷಯಗಳನ್ನು ಕೇಳುತ್ತದೆ. ಅವನ್ನು ಮೇಜಿನ ಬಳಿಯೇ, ನಿಮ್ಮ ಮಾತಿನಲ್ಲಿ ಕೇಳಿದರೆ ಸಾಕು.

ಪ್ರಶ್ನೆ ಕೇಳಿದವರು
ಎಲ್ಲರಿಗೂ ಕೃತಜ್ಞತೆಗಳು. 50 ಬೀಜಗಳಲ್ಲಿ ಅರ್ಧದಷ್ಟು ತೂತಿನ ಬೀಜಗಳನ್ನೇ ಇಡುತ್ತೇನೆ. ಅವನ್ನು ಆರಿಸಿಕೊಡುವ ಕೆಲಸವನ್ನು ಮೇಜಿನ ಹಿರಿಯ ಹೆಂಗಸೊಬ್ಬರಿಗೆ ಒಪ್ಪಿಸಿದ್ದೇನೆ.