ಸಹಾಯ ಬೇಕು: ಸೆಂಟ್ರಲ್ ಎಸಿ ಇದ್ದರೂ ಮೇಲಿನ ಮಹಡಿ ತಂಪಾಗುತ್ತಿಲ್ಲ
ಮೂರು ಮಹಡಿಗೂ ಒಂದೇ ಡಕ್ಟ್ (ಗಾಳಿ ಕೊಳವೆ) ಎಸಿ, ಥರ್ಮೋಸ್ಟಾಟ್ (ತಾಪಮಾನ ನಿಯಂತ್ರಕ) ನೆಲಮಹಡಿಯಲ್ಲಿ. ಕೆಳಗೆ 24 ಡಿಗ್ರಿ ಮುಟ್ಟಿದೊಡನೆ ಕಂಪ್ರೆಸರ್ ನಿಲ್ಲುತ್ತದೆ. ಮೇಲೆ 29ಕ್ಕಿಂತ ಇಳಿಯುವುದೇ ಇಲ್ಲ. ಫಿಲ್ಟರ್ ಹೊಸದು, ಗಾಳಿ ತಂಪಾಗಿಸುವ ಕಾಯಿಲ್ ಸ್ವಚ್ಛ. ಯೂನಿಟ್ ಬಳಿ ಒಳಹೋಗುವ, ಹೊರಬರುವ ಗಾಳಿಗೆ 10 ಡಿಗ್ರಿ ವ್ಯತ್ಯಾಸವಿದೆ, ಹಾಗಾಗಿ ಗ್ಯಾಸ್ ಕಡಿಮೆಯೆಂದು ಅನ್ನಿಸುವುದಿಲ್ಲ.

ಅನುಮಾನ ಡಕ್ಟ್ ಮೇಲೆಯೇ. ಕೆಳಗಿನ ಗ್ರಿಲ್‌ನಲ್ಲಿ 14 ಡಿಗ್ರಿ ಗಾಳಿ, ಮೇಲೆ 18: ಬಿಸಿ ಅಟ್ಟದಲ್ಲಿ ಹಾದುಹೋಗುವ ಡಕ್ಟ್‌ಗೆ ಇನ್ಸುಲೇಷನ್ ತೆಳು, ಜೋಡಣೆಗಳಲ್ಲಿ ಸೋರಿಕೆ. ಮೇಲೆ ರಿಟರ್ನ್ ಗ್ರಿಲ್ (ಕೋಣೆಯ ಗಾಳಿ ಯೂನಿಟ್‌ಗೆ ಮರಳುವ ಜಾಲರಿ) ಇಲ್ಲ. ಬಾಗಿಲು ಮುಚ್ಚಿದರೆ ಗಾಳಿ ಇನ್ನೂ ಕುಗ್ಗುತ್ತದೆ. ಸ್ಟ್ಯಾಟಿಕ್ ಪ್ರೆಷರ್ (ಡಕ್ಟ್‌ನೊಳಗಿನ ಗಾಳಿ ಒತ್ತಡ) 0.8 ಇಂಚು ನೀರಿನ ಮಟ್ಟ, ಬ್ಲೋವರ್ (ಗಾಳಿ ತಳ್ಳುವ ಫ್ಯಾನ್) ಮಿತಿ 0.5. ಕೆಳಗಿನ ಡ್ಯಾಂಪರ್ (ಡಕ್ಟ್‌ನೊಳಗಿನ ಗಾಳಿ ತಡೆಯುವ ಬಾಗಿಲು) ಮುಚ್ಚಿದರೆ ಒತ್ತಡ ಮತ್ತಷ್ಟು ಏರಿ, ಗಾಳಿ ಹರಿವು ಕುಗ್ಗಿ ಕಾಯಿಲ್ ಹಿಮಗಟ್ಟಬಹುದು, ದಯವಿಟ್ಟು ಆ ಸಲಹೆ ಬೇಡ.

ಮ್ಯಾಸ್ಟಿಕ್ (ಸೋರಿಕೆ ಮುಚ್ಚುವ ಅಂಟು) ಹಚ್ಚಿ ಇನ್ಸುಲೇಷನ್ ಮೊದಲೋ, ಮೇಲೆ ರಿಟರ್ನ್ ಡಕ್ಟ್ ಮೊದಲೋ? ಝೋನ್ ಡ್ಯಾಂಪರ್ (ಮಹಡಿವಾರು ಗಾಳಿ ನಿಯಂತ್ರಿಸುವ ಡ್ಯಾಂಪರ್) ಹಾಕಿಸಿದವರು ಒತ್ತಡ ಹೇಗೆ ನಿಭಾಯಿಸಿದಿರಿ, ತಿಳಿಸಿ.