ಅಜ್ಜಿಯ ಫೋನಿಗೆ ಹಾಡು ಹಾಕುವ ಜಗಳ

ನಮ್ಮ ‘ಮನೆ ಬಳಗ’ ವಾಟ್ಸಾಪ್ ಗುಂಪಿನಲ್ಲಿ ಜಗಳ ಆಗುವುದು ಎರಡೇ ವಿಷಯಕ್ಕೆ: ಸೈಟು ಮತ್ತು ಮದುವೆ ಊಟ. ಹೋದ ಭಾನುವಾರ ಇನ್ನೊಂದು ಸೇರಿತು. ಎಲ್ಲರನ್ನೂ ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ. ಗುಡ್ ಮಾರ್ನಿಂಗ್ ಹೂಗಳನ್ನು, ಕೈಮುಗಿದ ಎಮೋಜಿಗಳನ್ನು ತೆಗೆದಿದ್ದೇನೆ. ಅಜ್ಜಿ ಇರುವುದು ಬಸವನಗುಡಿಯಲ್ಲಿ, ದೊಡ್ಡಪ್ಪನ ಜೊತೆ. ಅಣ್ಣ ಎಂದರೆ ದೊಡ್ಡಪ್ಪನ ಮಗ, ಯಲಹಂಕದಲ್ಲಿದ್ದಾನೆ. ಅತ್ತೆ ರಾಜಾಜಿನಗರ, ಚಿಕ್ಕಮ್ಮ ಜಯನಗರ. ಅತ್ತೆ ‘ಅಣ್ಣ’ ಎಂದು ಕರೆಯುವುದು ದೊಡ್ಡಪ್ಪನನ್ನು, ಚಿಕ್ಕಮ್ಮ ‘ಅತ್ತೆಯವರು’ ಎನ್ನುವುದು ಅಜ್ಜಿಯನ್ನು.

ದೊಡ್ಡಪ್ಪ: (ಫಾರ್ವರ್ಡ್) ಎಷ್ಟೇ ಹಳೆಯ ಮೊಬೈಲ್ ಇರಲಿ, ನಿಮ್ಮಿಷ್ಟದ ಹಾಡೇ ರಿಂಗ್‌ಟೋನ್! ಕೆಳಗಿನ ಫೈಲ್ ಒತ್ತಿ, ಕೇಳಿದ್ದಕ್ಕೆಲ್ಲ ಅನುಮತಿ ಕೊಡಿ. ಇಂದೇ ಕೊನೆಯ ದಿನ.

ದೊಡ್ಡಪ್ಪ: ಅಮ್ಮನ ಫೋನಿಗೆ ಇದನ್ನು ಹಾಕೋಣ ಅಂತಿದ್ದೇನೆ. ಆ ದೇವರನಾಮ ಹಾಕಿಕೊಡು ಎಂದು ಪಾಪ ಯಾವಾಗಿನಿಂದಲೋ ಕೇಳುತ್ತಿದ್ದಾಳೆ. ಬೀದಿ ಕೊನೆಯ ಮೊಬೈಲ್ ಅಂಗಡಿಯವನು "ಇದನ್ನು ಮ್ಯೂಸಿಯಂಗೆ ಕೊಡಿ ಸಾರ್" ಎಂದು ನಕ್ಕುಬಿಟ್ಟ.

ಅಣ್ಣ: ಅಪ್ಪ, ಒತ್ತಬೇಡಿ! ಫೈಲಿನ ಹೆಸರಿನ ಕೊನೆಯಲ್ಲಿ ಎಪಿಕೆ ಎಂದಿದೆ ನೋಡಿ. ಅದು ಹಾಡಲ್ಲ, ಫೋನಿಗೆ ಆಪ್ ಹಾಕುವ ಫೈಲ್. ಒತ್ತಿಬಿಟ್ಟಿರಾ?

ದೊಡ್ಡಪ್ಪ: ಇನ್ನೂ ಇಲ್ಲ. ಕನ್ನಡಕ ಹುಡುಕುತ್ತಿದ್ದೆ.

ಅಣ್ಣ: ಸದ್ಯ, ಬದುಕಿದೆವು. ಗುಂಪಿನಿಂದಲೂ ತೆಗೆಯಿರಿ. ಚಿಕ್ಕಮ್ಮ ಒತ್ತಿಬಿಡುತ್ತಾರೆ.

ಚಿಕ್ಕಮ್ಮ: ನನ್ನನ್ನು ಯಾಕೋ ಎಳೆಯುತ್ತೀಯ? ನಾನು ಹಾಲು ಕಾಯಿಸುತ್ತಿದ್ದೇನೆ.

ದೊಡ್ಡಪ್ಪ: ನಿನಗೆ ಎಲ್ಲದರಲ್ಲೂ ಮೋಸವೇ ಕಾಣುತ್ತದೆ. ಕಳಿಸಿದವರು ದಿನಾ ಲಾಲ್‌ಬಾಗ್‌ನಲ್ಲಿ ನನ್ನ ಜೊತೆ ವಾಕಿಂಗ್ ಮಾಡುವವರು. ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿ ರಿಟೈರ್ ಆದವರು.

ಅಣ್ಣ: ಅವರಿಗೆ ಯಾರು ಕಳಿಸಿದರಂತೆ? ಮದುವೆ ಕರೆಯೋಲೆ, ಟ್ರಾಫಿಕ್ ದಂಡ ಎಂದೆಲ್ಲ ಹೇಳಿಕೊಂಡು ಬರುವುದೂ ಇದೇ ಥರದ ಫೈಲ್. ಎಸ್‌ಎಂಎಸ್ ಓದಲು ಅನುಮತಿ ಕೊಟ್ಟರೆ ಒಟಿಪಿ ಸೀದಾ ಅವರ ಕೈಗೆ. ರಿಂಗ್‌ಟೋನ್ ಹಾಕುವವನಿಗೆ ನಿಮ್ಮ ಎಸ್‌ಎಂಎಸ್ ಯಾಕೆ ಬೇಕು, ಹೇಳಿ?

ನಾನು: ದೊಡ್ಡಪ್ಪ, ಮೋಸದ ಮಾತು ಹಾಗಿರಲಿ. ಆ ಫೈಲ್ ಅಜ್ಜಿಯ ಫೋನಿನಲ್ಲಿ ತೆರೆಯುವುದೇ ಇಲ್ಲ. ಎಪಿಕೆ ಆಂಡ್ರಾಯ್ಡ್ ಫೋನಿಗೆ. ಅಜ್ಜಿಯದು ನೋಕಿಯಾ 2700 ಕ್ಲಾಸಿಕ್, 2009ರ ಮಾಡೆಲ್. ಅದರಲ್ಲಿ ನಡೆಯುವುದು ಜಾವಾ ಆಪ್‌ಗಳು ಮಾತ್ರ. ನೀವು ಒತ್ತಿದರೆ ಅದು ಬಂದು ಕೂರುವುದು ನಿಮ್ಮ ಫೋನಿನಲ್ಲಿ, ನಿಮ್ಮ ಪೆನ್ಷನ್ ಬರುವ ಬ್ಯಾಂಕ್ ಆಪ್ ಪಕ್ಕದಲ್ಲಿ.

(ಇಲ್ಲಿ ಫಾರ್ವರ್ಡ್ ಮಾಯವಾಯಿತು. ‘ಈ ಸಂದೇಶವನ್ನು ಅಳಿಸಲಾಗಿದೆ’ ಎಂಬುದಷ್ಟೇ ಉಳಿಯಿತು.)

ಅಣ್ಣ: ವಾಕಿಂಗ್‌ನವರಿಗೂ ಹೇಳಿ. ಅವರು ಒತ್ತಿದ್ದು ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಲಿ.

ಚಿಕ್ಕಮ್ಮ: ಇಷ್ಟಕ್ಕೆಲ್ಲ ಫೈಲ್ ಯಾಕೆ ಭಾವ? ನಮ್ಮ ಪಕ್ಕದ ಮನೆಯವರಿಗೆ ಫೋನ್ ಮಾಡಿದರೆ ಎಷ್ಟು ಚೆನ್ನಾಗಿ ವೆಂಕಟೇಶ್ವರನ ಹಾಡು ಬರುತ್ತದೆ. ಕಂಪನಿಯವರಿಗೆ ಹೇಳಿದರೆ ಅವರೇ ಹಾಕುತ್ತಾರೆ.

ಅಣ್ಣ: ಚಿಕ್ಕಮ್ಮ, ಅದು ಕಾಲರ್ ಟ್ಯೂನ್.

ಚಿಕ್ಕಮ್ಮ: ಎರಡೂ ಒಂದೇ ಅಲ್ವಾ?

ನಾನು: ಅಲ್ಲ ಚಿಕ್ಕಮ್ಮ. ಕಾಲರ್ ಟ್ಯೂನ್ ಇರುವುದು ಸಿಮ್ ಕಂಪನಿಯ ಹತ್ತಿರ. ಫೋನ್ ಮಾಡಿದ ನಮಗೆ ಕೇಳಿಸುತ್ತದೆ, ಅಜ್ಜಿಗೆ ಏನೂ ಕೇಳಿಸುವುದಿಲ್ಲ. 2020ರಲ್ಲಿ ಯಾರಿಗೆ ಫೋನ್ ಮಾಡಿದರೂ ಮೊದಲು ಕೊರೊನಾ ಕೆಮ್ಮು ಕೇಳಿಸುತ್ತಿತ್ತಲ್ಲ, ಆ ಕಡೆಯವರಿಗೆ ಅದು ಕೇಳಿಸುತ್ತಿತ್ತಾ? ಹಾಗೇ ಇದು.

ಅತ್ತೆ: ಅಯ್ಯೋ ಅದನ್ನು ನೆನಪಿಸಬೇಡ. ಅಂದಹಾಗೆ ನನಗೆ ಗೊತ್ತಿಲ್ಲದೆ ಯಾವುದೋ ಹಾಡು ಹಾಕಿ ತಿಂಗಳಾ ದುಡ್ಡು ಕಿತ್ತುಕೊಳ್ಳುತ್ತಿದ್ದರು. ಕೊನೆಗೆ 155223ಕ್ಕೆ ಫೋನ್ ಮಾಡಿ ತೆಗೆಸಿದೆ. ಎಲ್ಲರೂ ಬರೆದಿಟ್ಟುಕೊಳ್ಳಿ.

ಅತ್ತೆ: ಈಗ ವಿಷಯಕ್ಕೆ ಬರೋಣ. ಅಣ್ಣ, ಅಮ್ಮನಿಗೆ ಒಂದು ಒಳ್ಳೆ ಸ್ಮಾರ್ಟ್‌ಫೋನ್ ಕೊಡಿಸು. ದುಡ್ಡು ನಾನು ಹಾಕುತ್ತೇನೆ. ವಿಡಿಯೋ ಕಾಲ್ ಮಾಡಬಹುದು, ಬೇಕಾದ ಹಾಡು ಹಾಕಬಹುದು.

ದೊಡ್ಡಪ್ಪ: ಕೊಡಿಸಿದ್ದು ಮರೆತೆಯಾ? ಫೋನ್ ಬಂದರೆ ಹಸಿರು ಗುಂಡಿ ಮೇಲಕ್ಕೆ ಎಳೆಯಬೇಕು. ಅಮ್ಮ ಒತ್ತುತ್ತಾಳೆ. ಅದು ಕುಣಿಯುತ್ತದೆ, ತೆಗೆಯುವುದಿಲ್ಲ. ಇನ್ನೂ ಜೋರಾಗಿ ಒತ್ತುತ್ತಾಳೆ. ಅಷ್ಟರಲ್ಲಿ ಫೋನ್ ನಿಂತಿರುತ್ತದೆ. ವಾರಕ್ಕೇ ಅದನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟಳು. ಈ ನೋಕಿಯಾದಲ್ಲಿ ಎಡಗಡೆ ಹಸಿರು ಕೀ, ಕಣ್ಣು ಮುಚ್ಚಿಕೊಂಡು ಒತ್ತುತ್ತಾಳೆ. ಆ ಕೀ ಮೇಲಿನ ಬಣ್ಣ ಸವೆದೇ ಹೋಗಿದೆ.

ಅತ್ತೆ: ಹಾಗಾದರೆ ಇರುವ ಟ್ಯೂನೇ ಇರಲಿ. ಎಂಬತ್ತು ದಾಟಿದವರಿಗೆ ಹಾಡು ಯಾಕೆ? ಸುಮ್ನೆ ಒಂದು ಶೋಕಿ.

ನಾನು: ಶೋಕಿ ಅಲ್ಲ ಅತ್ತೆ. ಎದುರು ಮನೆಯ ಕೆಲಸದಾಕೆಯ ಫೋನಿಗೂ ಇದೇ ಟ್ಯೂನ್. ಅದು ಹೊಡೆದರೆ ಅಜ್ಜಿ ಎದ್ದು ಬರುತ್ತಾರೆ. ತಮ್ಮದೇ ಹೊಡೆದಾಗ ಅವಳದ್ದಿರಬೇಕು ಎಂದು ಸುಮ್ಮನೆ ಕೂರುತ್ತಾರೆ. ನೀವೇ ಅಲ್ವಾ "ಅಮ್ಮ ಫೋನೇ ಎತ್ತುವುದಿಲ್ಲ" ಎಂದು ನನ್ನ ಹತ್ತಿರ ಅತ್ತಿದ್ದು? ಇನ್ನೊಂದು ವಿಷಯ. ವಯಸ್ಸಾದ ಹಾಗೆ ಕಿವಿಗೆ ಮೊದಲು ಕೈಕೊಡುವುದು ಕೀಚಲು ಸ್ವರ. ಆ ಟ್ಯೂನ್ ಪೂರ್ತಿ ಕೀಚಲು. ಮನುಷ್ಯರ ದನಿ ಅದಕ್ಕಿಂತ ಚೆನ್ನಾಗಿ ಕೇಳಿಸುತ್ತದೆ, ಅದರಲ್ಲೂ ಗೊತ್ತಿರುವ ಹಾಡಾದರೆ.

(ಅತ್ತೆ ಇದಕ್ಕೆ ಉತ್ತರ ಕೊಡಲಿಲ್ಲ. ಎರಡು ನೀಲಿ ಗೆರೆ ಬಿದ್ದಿದ್ದು ಮಾತ್ರ ನೋಡಿದೆ.)

ಅಣ್ಣ: ಸರಿ, ಆ ಫೋನಿಗೆ ಹಾಡು ಹೋಗುವುದು ಹೇಗೆ? ನಾನು ಬ್ಲೂಟೂತ್‌ನಲ್ಲಿ ಕಳಿಸಲು ನೋಡಿದ್ದೆ. ಅಜ್ಜಿಯ ಫೋನ್ ಕಾಣಿಸಲೇ ಇಲ್ಲ. ಹಾಳಾಗಿದೆ ಅನ್ನಿಸುತ್ತದೆ.

ನಾನು: ಅಜ್ಜಿಯ ಫೋನ್ ಹಾಳಾಗಿಲ್ಲ ಅಣ್ಣ. ನಿನ್ನದು ಐಫೋನ್. ಅದು ಬೇರೆ ಕಂಪನಿಯ ಇಂಥ ಫೋನಿಗೆ ಬ್ಲೂಟೂತ್‌ನಲ್ಲಿ ಫೈಲ್ ಕಳಿಸುವುದಿಲ್ಲ. ಲಕ್ಷದ ಫೋನಿಗೆ ಆಗದ್ದು ದೊಡ್ಡಪ್ಪನ ಆಂಡ್ರಾಯ್ಡ್‌ಗೆ ಆಗುತ್ತದೆ.

ದೊಡ್ಡಪ್ಪ: 👏👏👏

ಅತ್ತೆ: ನನ್ನ ಹತ್ತಿರ 64 ಜಿಬಿ ಮೆಮೊರಿ ಕಾರ್ಡ್ ಸುಮ್ಮನೆ ಬಿದ್ದಿದೆ. ಹಾಡು ತುಂಬಿ ಹಾಕಿಬಿಡಿ.

ನಾನು: ಬೇಡ ಅತ್ತೆ, ಅದನ್ನು ಈ ಫೋನ್ ಓದುವುದಿಲ್ಲ. ಕಂಪನಿ ಹೇಳಿದ್ದೇ 2 ಜಿಬಿವರೆಗೆ. ಕಾರ್ಡಿನ ಸಹವಾಸವೇ ಬೇಡ. 30 ಸೆಕೆಂಡಿನ ಎಂಪಿ3, 128 ಕೆಬಿಪಿಎಸ್ ಲೆಕ್ಕದಲ್ಲಿ ಬರೀ 480 ಕೆಬಿ. ಫೋನಿನ ಒಳಗೇ ಹಿಡಿಯುತ್ತದೆ. ಕಾರ್ಡಿನಲ್ಲಿ ಇಟ್ಟರೆ ಯಾರೋ ಕಾರ್ಡ್ ತೆಗೆದ ದಿನ ಹಾಡೂ ಅದರ ಜೊತೆ ಹೋಗುತ್ತದೆ.

ದೊಡ್ಡಪ್ಪ: 30 ಸೆಕೆಂಡ್ ಯಾಕೆ? ಹಾಡು ಆರು ನಿಮಿಷ ಇದೆ. ಪೂರ್ತಿ ಹಾಕು.

ನಾನು: ಪೂರ್ತಿ ಹಾಕಿದರೂ ಕೇಳಿಸುವುದು ಅಷ್ಟೇ. ಫೋನ್ ಕಂಪನಿಗಳನ್ನು ನಿಯಂತ್ರಿಸುವ ಟ್ರಾಯ್ 2019ರ ನವೆಂಬರ್‌ನಲ್ಲಿ ನಿಯಮ ಮಾಡಿದೆ. ಎತ್ತದಿದ್ದರೆ ಮೊಬೈಲ್ ಹೊಡೆದುಕೊಳ್ಳುವುದು 30 ಸೆಕೆಂಡ್, ಲ್ಯಾಂಡ್‌ಲೈನ್ 60 ಸೆಕೆಂಡ್.

ದೊಡ್ಡಪ್ಪ: ಸರಿ, ಮೊದಲ 30 ಸೆಕೆಂಡ್ ಹಾಕು.

ನಾನು: ಅದನ್ನೇ ಬೇಡ ಅನ್ನುತ್ತಿರುವುದು. ಈಗ ಕೇಳಿ ನೋಡಿದೆ. ಮೊದಲು ತಂಬೂರಿ, ಆಮೇಲೆ ಪಿಟೀಲು, ಆಮೇಲೆ ಆಲಾಪನೆ. ಪಲ್ಲವಿ ಬರುವುದು 40 ಸೆಕೆಂಡ್ ಆದ ಮೇಲೆ. ಅಂದರೆ ಆ ಸಾಲು ಫೋನಿನಲ್ಲಿ ಬರುವುದೇ ಇಲ್ಲ. ಆ ಪುಟಾಣಿ ಸ್ಪೀಕರ್‌ನಲ್ಲಿ ತಂಬೂರಿ ಕೇಳಿಸುವುದೂ ಇಲ್ಲ, ಮೃದಂಗದ ಎಡಗಡೆ ಪೆಟ್ಟೂ ಇಲ್ಲ. ಅಜ್ಜಿ ಹಿತ್ತಲಿನಿಂದ ಹಾಲ್‌ಗೆ ಬರಬೇಕು. ಅರ್ಧ ಹೊತ್ತು ಬರೀ ಗುಂಯ್ ಅಂದರೆ ಹೇಗೆ?

ದೊಡ್ಡಪ್ಪ: ಆಲಾಪನೆ ಕತ್ತರಿಸುವುದು ಎಂದರೇನು? ರಾಗ ಕಟ್ಟುವುದೇ ಅಲ್ಲಿ. ರಾಮನವಮಿಗೆ ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದಲ್ಲಿ ಕೂತು ಕೇಳಿದವನು ನಾನು. ಯಾವ ವಿದ್ವಾಂಸರೂ ಪಲ್ಲವಿಯನ್ನು ಧಡಕ್ ಅಂತ ಶುರು ಮಾಡುವುದಿಲ್ಲ.

ಅಣ್ಣ: ಅಪ್ಪ, ಅಲ್ಲಿ ಜನ ಕೇಳಲು ಬಂದು ಕೂತಿರುತ್ತಾರೆ. ಇಲ್ಲಿ ಕೇಳುವವರನ್ನು ಹಿತ್ತಲಿನಿಂದ ಕರೆಯಬೇಕು.

(ಅಣ್ಣ ನನ್ನ ಕಡೆ ಮಾತಾಡಿದ್ದು ಇದೇ ಮೊದಲು. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡಿದ್ದೇನೆ.)

ಚಿಕ್ಕಮ್ಮ: ಪಲ್ಲವಿಯೇ ಸರಿ. ಆದರೆ ಭಾವ ಹೇಳಿದ ಹಾಗೆ ಧಡಕ್ ಅಂದರೆ ಅತ್ತೆಯವರ ಎದೆ ಝಲ್ ಅನ್ನುವುದಿಲ್ಲವಾ?

ನಾನು: ಮೊದಲ ಅಕ್ಷರದ ಮುಂಚಿನ ಒಂದು ಉಸಿರಿನಷ್ಟು ಬಿಟ್ಟು ಕತ್ತರಿಸುತ್ತೇನೆ. ಕಂಪ್ಯೂಟರಿನಲ್ಲಿ ಹಾಡು ಕತ್ತರಿಸಲು ಆಡಾಸಿಟಿ ಎಂಬ ಸಾಫ್ಟ್‌ವೇರ್ ಇದೆ, ದುಡ್ಡು ಕೊಡಬೇಕಿಲ್ಲ. ಸದ್ದನ್ನೂ ಸ್ವಲ್ಪ ಏರಿಸುತ್ತೇನೆ. ಜಾಸ್ತಿ ಏರಿಸಿದರೆ ಗರಗರ ಎನ್ನುತ್ತದೆ, ಅದಕ್ಕೇ ಸ್ವಲ್ಪ.

ಅತ್ತೆ: ಪಲ್ಲವಿ ಬೇಡ. ಅಮ್ಮ ಹೂ ಕಟ್ಟುವಾಗ ಹಾಡಿಕೊಳ್ಳುವುದು ಎರಡನೇ ಚರಣ. ನನ್ನನ್ನು ಮಲಗಿಸುವಾಗಲೂ ಅದೇ ಹಾಡುತ್ತಿದ್ದಳು.

ದೊಡ್ಡಪ್ಪ: ನಿನ್ನನ್ನು ಮಲಗಿಸಿದ್ದು ನಾನು.

ಅತ್ತೆ: ಅಣ್ಣ, ಹಳೇ ಕಥೆ ಬೇಡ. ಒಳಗೆ ಹೋಗಿ ಅಮ್ಮನನ್ನೇ ಕೇಳಿ ಬಾ.

ದೊಡ್ಡಪ್ಪ: ಕೇಳಿದೆ. "ಹಾಡೋರ ದನಿ ಮೊದಲು ಬರಲಿ, ಯಾವ ಸಾಲಾದರೂ ಸರಿ. ತಿಂಡಿ ತಣ್ಣಗಾಗುತ್ತಿದೆ, ಫೋನ್ ಕೆಳಗಿಡು" ಎಂದಳು.

ನಾನು: ಹಾಗಾದರೆ ಅತ್ತೆ ಹೇಳಿದ ಚರಣ. ಅಲ್ಲಿ ದನಿ ಏರುತ್ತದೆ, ಪಿಟೀಲು ಸುಮ್ಮನಿರುತ್ತದೆ. ನಿಜ ಹೇಳಬೇಕೆಂದರೆ ಪಲ್ಲವಿಗಿಂತ ಅದೇ ವಾಸಿ.

ಅಣ್ಣ: ನೀನು ವಾಟ್ಸಾಪ್‌ನಲ್ಲಿ ಕಳಿಸು, ಅಪ್ಪ ಮುಂದಕ್ಕೆ ಕಳಿಸುತ್ತಾರೆ.

ನಾನು: ದೊಡ್ಡಪ್ಪ, ಫೈಲ್ ಬಂದ ಮೇಲೆ ಹೀಗೆ ಮಾಡಿ. ಅಜ್ಜಿಯ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಬ್ಲೂಟೂತ್ ಆನ್ ಮಾಡಿ, ಬೇರೆ ಫೋನಿಗೆ ಕಾಣುವ ಹಾಗೆ ಇಡಿ. ನಿಮ್ಮ ಫೋನಿನಲ್ಲಿ ಆ ಫೈಲ್ ಒತ್ತಿ ಹಿಡಿದು, ಶೇರ್, ಬ್ಲೂಟೂತ್. ಅಜ್ಜಿಯ ಫೋನ್ ‘ತಗೊಳ್ಳಲಾ’ ಎಂದು ಕೇಳುತ್ತದೆ, ಹೂಂ ಅನ್ನಿ. ಆಮೇಲೆ ಗ್ಯಾಲರಿಯಲ್ಲಿ ಬಂದ ಫೈಲ್ ತೆಗೆದು, ಆಪ್ಷನ್ಸ್ ಒಳಗೆ ರಿಂಗಿಂಗ್ ಟೋನ್ ಮಾಡುವುದಿದೆ, ಅದನ್ನು ಒತ್ತಿ. ಕೆಲಸ ಮುಗಿದ ಮೇಲೆ ಬ್ಲೂಟೂತ್ ಆಫ್ ಮಾಡಿ, ಬ್ಯಾಟರಿ ಉಳಿಯುತ್ತದೆ.

ಚಿಕ್ಕಮ್ಮ: ಒಂದು ನಿಮಿಷ. ಸಿನಿಮಾದವರ ದನಿ ಯಾಕೆ? ನಾನೇ ಹಾಡಿ ಕಳಿಸುತ್ತೇನೆ. ಎಂಟು ವರ್ಷ ಕಲಿತಿದ್ದೇನೆ. 🎤 (ವಾಯ್ಸ್ ನೋಟ್, 1:12)

ಅತ್ತೆ: ಅತ್ತಿಗೆ, ಹಿಂದೆ ಕುಕ್ಕರ್ ಕೂಗುತ್ತಿದೆ.

ದೊಡ್ಡಪ್ಪ: ಶ್ರುತಿ ಸರಿಯಾಗಿದೆ. ಎರಡನೇ ಸಾಲಿನಲ್ಲಿ ಸ್ವಲ್ಪ ಇಳಿದಿದೆ.

ಚಿಕ್ಕಮ್ಮ: ಭಾವ!

ನಾನು: ಚಿಕ್ಕಮ್ಮ, ವಾಯ್ಸ್ ನೋಟ್ ಓಪಸ್ ಫೈಲ್ ಆಗಿರುತ್ತದೆ. ಆ ನೋಕಿಯಾಕ್ಕೆ ಅದು ಅರ್ಥವಾಗುವುದಿಲ್ಲ. ನಾನು ಎಂಪಿ3 ಮಾಡುತ್ತೇನೆ. ಕುಕ್ಕರ್ ಇಳಿಸಿ, ಇನ್ನೊಂದು ಸಲ ಎರಡನೇ ಚರಣ ಮಾತ್ರ ಹಾಡಿ. ಮೈಕಿಗೆ ತೀರಾ ಹತ್ತಿರ ಬೇಡ. 30 ಸೆಕೆಂಡ್.

ಅತ್ತೆ: ನಾನೂ ಒಂದು ಕಳಿಸುತ್ತೇನೆ. ಯಾರದು ಹಾಕಬೇಕು ಅಂತ ಅಮ್ಮ ಹೇಳಲಿ.

ಅಣ್ಣ: ಎರಡನ್ನೂ ಹಾಕಿ. ಆ ಫೋನಿನಲ್ಲಿ ಒಬ್ಬೊಬ್ಬರ ನಂಬರಿಗೆ ಒಂದೊಂದು ಟೋನ್ ಇಡಬಹುದು. ಅತ್ತೆ ಫೋನ್ ಮಾಡಿದರೆ ಅತ್ತೆಯ ದನಿ, ಚಿಕ್ಕಮ್ಮ ಮಾಡಿದರೆ ಚಿಕ್ಕಮ್ಮನದು.

ದೊಡ್ಡಪ್ಪ: ನಾನು ಮಾಡಿದರೆ?

ಅಣ್ಣ: ನೀವು ಅದೇ ಮನೆಯಲ್ಲಿದ್ದೀರಿ ಅಪ್ಪ. ಕೂಗಿದರೆ ಸಾಕು.